ಕೀಲಿನಲ್ಲಿ ಕಡಲು

ತಾರಸಿಯ ಟ್ಯಾಂಕಿನಿಂದ ಬಚ್ಚಲಿಗೆ ಇಳಿಯುವ ಪೈಪು ಗೋಡೆಯ ಮೂಲೆಯಲ್ಲಿ ತಿರುಗುವ ಕಡೆ, ಬಿಳಿ ಎಲ್ಬೋದ ಅಂಚಿನಲ್ಲಿ, ನೀರು ಮೊದಲು ಬರೀ ಹೊಳಪಾಗಿ ಕಾಣಿಸುತ್ತದೆ. ಆಮೇಲೆ ಆ ಹೊಳಪು ಮೆಲ್ಲಗೆ ಕೆಳಕ್ಕೆ ಜಾರಿ, ಹೊಟ್ಟೆ ತುಂಬಿಕೊಂಡು, ಕಿಟಕಿಯಾಚೆಯ ಆಕಾಶದ ತುಣುಕನ್ನೂ ಎದುರು ಮನೆಯ ತೆಂಗಿನ ಗರಿಯನ್ನೂ ತಲೆಕೆಳಗಾಗಿ ತನ್ನೊಳಗೆ ಇಳಿಸಿಕೊಂಡು ತೂಗುತ್ತದೆ. ಬೀಳುವ ಮುನ್ನ ಅದಕ್ಕೊಂದು ಕತ್ತು ಮೂಡುತ್ತದೆ. ಕತ್ತು ನೂಲಾಗಿ, ನೂಲು ಹರಿದು, ದೊಡ್ಡ ಹನಿ ಕಳಚಿಕೊಂಡ ಬೆನ್ನಿಗೇ ಆ ಹರಿದ ನೂಲೇ ಉಂಡೆಗಟ್ಟಿ, ಸಾಸಿವೆಗಿಂತ ಸಣ್ಣದೊಂದು ಮರಿಹನಿಯೂ ಅದರ ದಾರಿ ಹಿಡಿಯುತ್ತದೆ. ಕೆಳಗಿಟ್ಟ ಬಕೆಟ್ಟಿನಲ್ಲಿ ಟಪ್ಪೆನ್ನುವುದು ನೀರಿಗೆ ನೀರು ತಾಗಿದ ಸದ್ದೆಂದು ನಾವಂದುಕೊಂಡರೂ, ನಿಜಕ್ಕೂ ಅದು ಹನಿ ತೋಡಿದ ಕುಳಿಯಡಿ ಸಿಕ್ಕಿಕೊಂಡ ಪುಟ್ಟ ಗಾಳಿಗುಳ್ಳೆ ಕಂಪಿಸಿ ಹೊರಡಿಸುವ ಸ್ವರ. ಸೆಕೆಂಡಿಗೊಂದು ಹನಿಯೆಂದರೂ ದಿನಕ್ಕೆ 4 ಲೀಟರು ಮೀರುತ್ತದೆ. ರಿಪೇರಿಗೆಂದು ಬಂದವರು ಹೀಗೆ ನೋಡುತ್ತ ಕೂರಬಾರದು, ಗೊತ್ತು.

ಆದರೆ ಈ ನೀರು ಬಂದ ದಾರಿ ನೆನೆದರೆ ಕೈ ತಾನಾಗಿ ತಡೆಯುತ್ತದೆ. ಕೊಡಗಿನ ಮಂಜು ಮಳೆಗಳಲ್ಲಿ ಹನಿಹನಿಯಾಗಿ ಕೂಡಿ, ಎಷ್ಟೋ ಗದ್ದೆಗಳ ಪಕ್ಕ ಹಾದು, ಶಿವನಸಮುದ್ರದ ಬಳಿ ಹೊಳೆಯ ಪಾತ್ರವನ್ನು ಬಿಟ್ಟು, ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂದು ಮೂರು ಕಡೆ ಪಂಪುಗಳ ಹೆಗಲೇರಿ, ಸುಮಾರು 100 ಕಿಲೋಮೀಟರ್ ದೂರವನ್ನೂ 500 ಮೀಟರಿನಷ್ಟು ಎತ್ತರವನ್ನೂ ದಾಟಿ ಅದು ಬೆಂಗಳೂರಿನ ಈ ಬಚ್ಚಲನ್ನು ತಲುಪಿದೆ. ತುಲಾ ಸಂಕ್ರಮಣದಂದು ತಲಕಾವೇರಿಯ ಕುಂಡಿಕೆಯಲ್ಲಿ ತೀರ್ಥ ಉಕ್ಕುವ ಒಂದು ಗಳಿಗೆಗಾಗಿ ಸಾವಿರಾರು ಜನ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಇಲ್ಲಿ, ಸೋಪಿನ ಪೆಟ್ಟಿಗೆಯ ಮೇಲ್ಗಡೆ, ಯಾವ ಮುಹೂರ್ತಕ್ಕೂ ಕಾಯದೆ, ಅದೇ ನೀರು ಉದ್ಭವಿಸುತ್ತಲೇ ಇದೆ. ತನ್ನ ಪಾಡಿಗೆ ಹರಿಯಲು ಬಿಟ್ಟಿದ್ದರೆ ಪೂಂಪುಹಾರಿನಲ್ಲಿ ಕಡಲು ಸೇರುತ್ತಿತ್ತೇನೋ.

ಸೇರಲೇ ಇಲ್ಲ ಎನ್ನುವಂತೆಯೂ ಇಲ್ಲ. ಅದನ್ನು ಹೊತ್ತ ಈ ಬಿಳಿ ಕೊಳವೆಯ ಪಿವಿಸಿ ತೂಕದಲ್ಲಿ ಶೇ. 57ರಷ್ಟು ಕ್ಲೋರಿನ್, ಕ್ಲೋರಿನ್ ಬಂದದ್ದು ಉಪ್ಪಿನಿಂದ, ಉಪ್ಪೆಂದರೆ ಇಂದಿನದೋ ಎಂದಿನದೋ ಒಂದು ಕಡಲು. ಉಳಿದ ಪಾಲು ನೆಲದಾಳದ ಎಣ್ಣೆಯದು, ಅಂದರೆ ಕೋಟಿಗಟ್ಟಲೆ ವರ್ಷಗಳ ಹಿಂದೆ ಬಿಸಿಲುಂಡು ಬದುಕಿ, ಸತ್ತು, ಕಡಲ ತಳದ ಕೆಸರಿಗೆ ಇಳಿದುಹೋದ, ಕಣ್ಣಿಗೆ ಕಾಣದ ಜೀವಿಗಳದು. 1872ರಲ್ಲಿ ಜರ್ಮನಿಯ ರಸಾಯನ ವಿಜ್ಞಾನಿ ಆಯ್ಗೆನ್ ಬೌಮನ್ ಗಾಜಿನಲ್ಲಿ ಮುಚ್ಚಿಟ್ಟ ವಿನೈಲ್ ಕ್ಲೋರೈಡಿಗೆ ಬಿಸಿಲು ತಾಗಿ ಒಳಗೆ ಬೆಳ್ಳಗೆ ಗಟ್ಟಿಯಾಗಿ ಏನೋ ಕಟ್ಟಿಕೊಂಡಿತು. ಅದನ್ನೇನು ಮಾಡಬೇಕೆಂದು ಬಹುಕಾಲ ಯಾರಿಗೂ ತೋಚಲಿಲ್ಲ. ಬಿಸಿಲು ಆಗಲೂ ಇತ್ತು, ಅದಕ್ಕಿಂತ ಹಿಂದೆ ಆ ಪುರಾತನ ನೀರಿನಲ್ಲೂ ಇತ್ತು. ಒಂದರೊಳಗೊಂದು ಕರಗಿದ ಎರಡು ಕಡಲುಗಳ ನಡುವೆ ಒಂದು ಹೊಳೆ ಹಾದುಹೋಗುತ್ತಿದೆ, ಮುಕ್ಕಾಲಿಂಚಿನ ಅಗಲದಲ್ಲಿ.

ಗೇಟ್ ವಾಲ್ವ್ ಮುಚ್ಚಿ, ಹ್ಯಾಕ್ಸಾ ಬ್ಲೇಡಿನಿಂದ ಹಳೆಯ ಎಲ್ಬೋವನ್ನು ಕೊಯ್ಯುವಾಗ ಮೊಣಕೈ ಮೇಲೆಲ್ಲ ಬಿಳಿ ಪುಡಿ ಉದುರುತ್ತದೆ, ಅಕ್ಕಿ ಹಿಟ್ಟಿನ ಹಾಗೆ. ಕೊಯ್ದ ಅಂಚನ್ನು ಉಪ್ಪುಕಾಗದದಿಂದ ಉಜ್ಜಿ, ತೇವದ ಪಸೆಯೂ ಉಳಿಯದಂತೆ ಪಂಚೆಯ ಚೂರಿನಿಂದ ಒರೆಸಿ, ಸಲ್ಯೂಷನ್ ಡಬ್ಬಿಯ ಮುಚ್ಚಳ ತೆಗೆದೊಡನೆ ಆ ಘಾಟು ನೇರ ನೆತ್ತಿಗೇರುತ್ತದೆ. ಹೊರಗಿನಿಂದ ಎಂ-ಸೀಲ್ ಮೆತ್ತುವವರ ಬಗ್ಗೆ ನನಗೆ ತಕರಾರಿಲ್ಲ, ಅವಸರಕ್ಕೆ ಅದೂ ಆದೀತು. ಆದರೆ ಒಳಗೆ ನಡೆಯುವ ಸಂಗತಿಯ ಸೊಗಸೇ ಬೇರೆ. ಸಲ್ಯೂಷನ್ ಬರಿದೇ ಅಂಟಿಸುವುದಿಲ್ಲ, ಎರಡರ ಮೈಯನ್ನೂ ತುಸುವೇ ಕರಗಿಸುತ್ತದೆ. ಕರಗಿ ಸಡಿಲಗೊಂಡ ಪೈಪಿನ ಉದ್ದುದ್ದ ಅಣುಸರಪಳಿಗಳು ಎಲ್ಬೋದ ಸರಪಳಿಗಳ ನಡುವೆ ತೂರಿ, ತೊಡರಿ, ಹೆಣೆದುಕೊಳ್ಳುತ್ತಿರುವಾಗಲೇ ದ್ರಾವಕ ಗಾಳಿಗೆ ಹಾರಿಹೋಗಿ, ಪೈಪು ಎಲ್ಲಿಗೆ ಮುಗಿಯಿತು, ಎಲ್ಬೋ ಎಲ್ಲಿಂದ ಶುರುವಾಯಿತು ಎಂಬ ಗೆರೆಯೇ ಅಳಿಸಿಹೋಗುತ್ತದೆ.

ಕಾಲು ಸುತ್ತು ತಿರುಗಿಸಿ ಒತ್ತಿ, ಅರ್ಧ ನಿಮಿಷವಾದರೂ ಹಾಗೇ ಹಿಡಿದಿರಬೇಕು. ಎಲ್ಬೋದ ಬಾಯಿ ಒಳಗೊಳಗೆ ಕಿರಿದಾಗುವುದರಿಂದ, ಬಿಟ್ಟರೆ ಪೈಪು ಹಿಂದೆ ಸರಿಯುತ್ತದೆ. ಅಂಗೈಗೆ ಅದರ ಒದ್ದಾಟ ತಿಳಿಯುತ್ತದೆ. ಮೊದಲು ಜಾರಿಕೆ, ಆಮೇಲೆ ಸಣ್ಣದೊಂದು ತಳ್ಳಾಟ, ಆಮೇಲೆ, ಯಾವ ಗಳಿಗೆಯಲ್ಲೆಂದು ಹೇಳಲಾಗದಂತೆ, ಒಪ್ಪಿಗೆ.

ಹತ್ತು ನಿಮಿಷ ಸಾಕು ಸಾರ್ ಎಂದಿದ್ದರು ಅಂಗಡಿಯವರು. ಇಷ್ಟೆಲ್ಲ ಒಳಗೆ ನಡೆಯುತ್ತಿದೆಯೆಂದು ಗೊತ್ತಿದ್ದೂ ಅವಸರ ಮಾಡಲು ನನಗೆ ಮನಸ್ಸಿಲ್ಲ. ವಾಲ್ವ್ ತೆರೆಯುವುದು ನಾಳೆ ಬೆಳಿಗ್ಗೆಯೇ. ಮನೆಯೊಳಗೆ ಆಗಲೇ ಗೊಣಗಾಟ ಶುರುವಾಗಿದೆ, ಸಂಪಿನಿಂದ ಎರಡು ಕೊಡ ಸೇದಿ ತಂದಿಟ್ಟರೆ ರಾತ್ರಿಗೆ ಆಗುತ್ತದೆ.