ಅವಧಿ ಹೇಳದ ಬಂಧನ

ಕಳ್ಳತನ ಮಾಡಿ ಸಿಕ್ಕಿಬಿದ್ದವನಿಗೆ ನ್ಯಾಯಾಧೀಶರು ಎರಡು ವರ್ಷ ಸಜೆ ವಿಧಿಸಿದರು ಎಂದಿಟ್ಟುಕೊಳ್ಳಿ. ಬಿಡುಗಡೆಯ ದಿನ ಯಾವುದೆಂದು ಅವನಿಗೂ ಗೊತ್ತು, ಅವನ ಹೆಂಡತಿ ಮಕ್ಕಳಿಗೂ ಗೊತ್ತು. ಇನ್ನು ಪ್ರಾಣಭಯದಿಂದ ಊರು ಬಿಟ್ಟು, ಪರದೇಶದ ಬಾಗಿಲು ತಟ್ಟಿ ಆಶ್ರಯ ಬೇಡಿದವನನ್ನು ಕೂಡಿಹಾಕಿದರೆ? ಅವನಿಗೆ ಎಣಿಸಲು ದಿನಗಳೇ ಇಲ್ಲ. ಅಪರಾಧಿಗಿರುವ ಸಮಾಧಾನ ನಿರಪರಾಧಿಗೆ ಇಲ್ಲವೆಂದರೆ ಇದೆಂತಹ ನ್ಯಾಯ?

ಇದು ಬರೀ ಕಲ್ಪನೆಯಲ್ಲ. ವೀಸಾ ಇಲ್ಲದೆ ದೋಣಿಯಲ್ಲಿ ಬಂದವರನ್ನು ಬಂಧಿಸಲೇಬೇಕೆಂದು ಆಸ್ಟ್ರೇಲಿಯಾ 1992ರಲ್ಲಿ ಕಾನೂನು ಮಾಡಿತು. ಆಗ 273 ದಿನಗಳ ಮಿತಿಯಾದರೂ ಇತ್ತು. 1994ರಲ್ಲಿ ಅದೂ ಹೋಯಿತು. ಅಹ್ಮದ್ ಅಲ್ ಕಾತಿಬ್ ಎಂಬವರು ಕುವೈತಿನಲ್ಲಿ ಹುಟ್ಟಿದ ಫೆಲೆಸ್ತೀನಿ. ಯಾವ ದೇಶದ ಪೌರತ್ವವೂ ಇಲ್ಲದವರು. ಅವರ ಅರ್ಜಿಯನ್ನು ಆಸ್ಟ್ರೇಲಿಯಾ ತಿರಸ್ಕರಿಸಿತು. ತನ್ನನ್ನು ಹೊರಗೆ ಕಳುಹಿಸಿಬಿಡಿ ಎಂದು ಅವರೇ ಕೇಳಿಕೊಂಡರೂ ಸೇರಿಸಿಕೊಳ್ಳುವ ದೇಶ ಸಿಗಲಿಲ್ಲ. ಇಂತಹವರನ್ನು ಎಷ್ಟು ಕಾಲ ಬೇಕಾದರೂ ಹಿಡಿದಿಡಬಹುದೆಂದು 2004ರಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಾಲಯ ತೀರ್ಪಿತ್ತಿತು. ಹೌದೆಂದವರು ನಾಲ್ವರು ನ್ಯಾಯಾಧೀಶರು, ಅಲ್ಲವೆಂದವರು ಮೂವರು.

ಆ ತೀರ್ಪು ಬದಲಾಗಲು 19 ವರ್ಷ ಹಿಡಿಯಿತು. ಅಪರಾಧವೊಂದಕ್ಕೆ ಸಜೆ ಅನುಭವಿಸಿ ಮುಗಿಸಿದ್ದ ಒಬ್ಬ ರೋಹಿಂಗ್ಯಾನ ಪ್ರಕರಣದಲ್ಲಿ, 2023ರ ನವೆಂಬರ್‌ನಲ್ಲಿ ಅದೇ ನ್ಯಾಯಾಲಯ ಬೇರೆ ಮಾತು ಹೇಳಿತು. ಹೊರಗೆ ಕಳುಹಿಸುವ ನಿಜವಾದ ಸಾಧ್ಯತೆ ಹತ್ತಿರದಲ್ಲಿ ಕಾಣದಿದ್ದರೆ ಬಂಧನವು ಕಾನೂನಿಗೆ ವಿರುದ್ಧವೆಂದಿತು.

ಬಂದವರು ಯಾರೆಂದು ವಿಚಾರಿಸುವುದು ಬೇಡವೇ ಎಂದು ನೀವು ಕೇಳಬಹುದು. ಖಂಡಿತ ಬೇಕು, ಅದಕ್ಕೆ ಕಾಲವೂ ಬೇಕು. ಆದರೆ ವಿಚಾರಣೆಗೆ ಬೇಕಾಗುವ ಕಾಲ ಬೇರೆ. ಇನ್ನಾರೂ ಇತ್ತ ಸುಳಿಯಬಾರದೆಂದು ಒಬ್ಬನ ಆಯುಷ್ಯವನ್ನು ಸವೆಸುವುದು ಬೇರೆ. ಮನುಷ್ಯನನ್ನು ಹೊಲದ ಬೆದರುಬೊಂಬೆ ಮಾಡುವ ಹಕ್ಕು ಯಾವ ಸರಕಾರಕ್ಕಿದೆ?

ಮಕ್ಕಾದ ಹಿಂಸೆ ತಾಳಲಾರದೆ ಅಬಿಸೀನಿಯಾಕ್ಕೆ ಹೋದ ಮುಸ್ಲಿಮರನ್ನು ನೆನೆಯಿರಿ. ಅವರನ್ನು ಒಪ್ಪಿಸಬೇಕೆಂದು ಕುರೈಶರ ದೂತರು ಉಡುಗೊರೆ ಹೊತ್ತು ಬಂದರು. ಕ್ರೈಸ್ತ ದೊರೆ ನಜ್ಜಾಶಿ ದೂತರ ಮಾತನ್ನಷ್ಟೇ ನಂಬಲಿಲ್ಲ. ನಿರಾಶ್ರಿತರನ್ನು ಕರೆಸಿದನು, ಜಅಫರ್(ರ)ರ ಮಾತನ್ನು ಪೂರ್ತಿ ಕೇಳಿದನು, ತನ್ನ ತೀರ್ಮಾನವನ್ನು ಹೇಳಿದನು. ಆಶ್ರಿತನಿಗೆ ಸಲ್ಲಬೇಕಾದ ನ್ಯಾಯದಲ್ಲಿ ಈ ಮೂರೂ ಇರಬೇಕು. ಇಂದು ತಪ್ಪಿಹೋಗುತ್ತಿರುವುದು ಮೂರನೆಯದು. 'ಇರು' ಎಂದೂ ಇಲ್ಲ, 'ಹೋಗು' ಎಂದೂ ಇಲ್ಲ.

ಓದುಗರೇ, ಇದು ಪರಕೀಯರನ್ನು ದೂರುವ ಮಾತೆಂದು ತಿಳಿಯಬೇಡಿ. ಮುಸ್ಲಿಮರೇ ಬಹುಸಂಖ್ಯಾತರಾಗಿರುವ ಮಲೇಶಿಯಾದಲ್ಲೂ ರೋಹಿಂಗ್ಯಾ ನಿರಾಶ್ರಿತರನ್ನು ಬಿಡುಗಡೆಯ ದಿನ ಹೇಳದೆ ಕೂಡಿಹಾಕಿದ್ದುಂಟು. ನಮ್ಮವರೆಂಬ ಕಾರಣಕ್ಕೆ ಅಲ್ಲಿ ಮೌನ, ಅನ್ಯರೆಂಬ ಕಾರಣಕ್ಕೆ ಇಲ್ಲಿ ಕೂಗು ಸಲ್ಲದು. ನಜ್ಜಾಶಿ ಆಶ್ರಯ ಕೊಟ್ಟದ್ದು ತನ್ನ ಧರ್ಮದವರಿಗಲ್ಲ. ಬಂಧಿಸಿದವನು ಯಾರೇ ಆಗಲಿ, ಬಂಧಿತನು ಯಾರೇ ಆಗಲಿ, ನಾವು ಕೇಳಬೇಕಾದ ಪ್ರಶ್ನೆ ಒಂದೇ: ಇವನನ್ನು ಎಂದು ಬಿಡುವಿರಿ?