ಹೊಲ ಹೋದರೂ ಸೀಮೆ ಹೋಗಲಿಲ್ಲ

ದೆಹಲಿ ವಿಮಾನ ನಿಲ್ದಾಣದ ಬಗಲಿಗೇ ಪಾಲಂ ಎಂಬ ಹಳೆಯ ಊರಿದೆ. ಅದರ ಸುತ್ತಣ ಹೊಲಗಳಲ್ಲಿ ಈಗ ರನ್‌ವೇ, ರಸ್ತೆ, ದ್ವಾರಕಾ ಬಡಾವಣೆಯ ಫ್ಲ್ಯಾಟುಗಳು. ಒಂದು ಊರು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆ ಎಂಬುದು ಹೊರಗಿನವರಿಗೆ ತಿಳಿಯುವುದಿಲ್ಲ. ಆದರೂ ‘ಪಾಲಂ 360’ ಎಂಬ ಖಾಪ್, ಅಂದರೆ ಹಳ್ಳಿಗಳ ಒಕ್ಕೂಟ, ಇದೆ. ಸುತ್ತಲಿನ 360 ಹಳ್ಳಿಗಳಿಗೆ ಪಾಲಂ ಯಜಮಾನ ಊರು. ಮನೆಯಲ್ಲಿ ಮದುವೆಯ ಮಾತು ಬಂದಾಗ ಆ ಗಡಿಗಳೆಲ್ಲ ಮತ್ತೆ ಎದ್ದು ನಿಲ್ಲುತ್ತವೆ.

ಇಲ್ಲಿನ ಜಾಟ್ ಮನೆತನಗಳಲ್ಲಿ ತಂದೆಯ ಗೋತ್ರದ ಹೆಣ್ಣು ಆಗದು, ತಾಯಿಯ ಗೋತ್ರದವಳೂ ಆಗದು. ಅದೇ ಊರಿನವಳು ಆಗದು. ಗಡಿಗೆ ತಾಗಿದ ಊರು, ಅಂದರೆ ‘ಗುಹಾಂಡ್’, ಅಲ್ಲಿನವರೂ ಅಣ್ಣತಂಗಿಯರ ಲೆಕ್ಕ. ಸೋದರಮಾವನ ಮಗಳನ್ನು, ಅಕ್ಕನ ಮಗಳನ್ನು ತಂದುಕೊಂಡ ನಮ್ಮ ಮನೆಗಳ ಸಂಗತಿ ಹೇಳಿದರೆ ಅಲ್ಲಿಯವರು ಹೌಹಾರುತ್ತಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಸುಮಾರು ಕಾಲುಭಾಗ ಮದುವೆಗಳು ರಕ್ತಸಂಬಂಧದಲ್ಲೇ ಆದವು. ನಾವು ನಂಟನ್ನು ಹತ್ತಿರದಲ್ಲೇ ಬಿಗಿದೆವು, ಅವರು ದೂರಕ್ಕೆ ಹರಡಿದರು.

ಇಂಗ್ಲೆಂಡಿನ ಹಳ್ಳಿಗಳಲ್ಲೂ ಮದುವೆ ಲೆಕ್ಕಕ್ಕೆ ನೆಲದ ಗೆರೆ ಇತ್ತು. ಪ್ರತಿ ಚರ್ಚಿಗೂ ಒಂದು ಸೀಮೆ, ಅದೇ ಪ್ಯಾರಿಷ್. ಅದರೊಳಗಿನ ನಾಮಕರಣ, ಮದುವೆ, ಮಣ್ಣು ಎಲ್ಲವನ್ನೂ ಬರೆದಿಡಬೇಕೆಂದು 1538ರಲ್ಲಿ ರಾಜನ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಆಜ್ಞೆ ಹೊರಡಿಸಿದ. 1754ರಿಂದ ವಧುವರರು ಮತ್ತು ಸಾಕ್ಷಿಗಳು ಪುಸ್ತಕಕ್ಕೆ ಸಹಿ ಹಾಕಬೇಕಾಯಿತು. ಅಕ್ಷರ ಬಾರದ ರೈತಹೆಣ್ಣು ಶಿಲುಬೆಯಂಥ ಗುರುತು ಹಾಕಿದಳು. ಆ ಗುರುತಿನ ಪಕ್ಕದಲ್ಲಿ ಅವಳ ಹೆಸರು, ಅವಳ ಊರು ಇಂದಿಗೂ ಉಳಿದಿವೆ.

ದೆಹಲಿಯ ಹಳ್ಳಿಗಳಿಗೂ ದಾಖಲೆಯ ಬರವಿರಲಿಲ್ಲ. ಪಾಲಂನ ಮೆಟ್ಟಿಲುಬಾವಿಯಲ್ಲಿ ಸಿಕ್ಕ 1276ರ ಸಂಸ್ಕೃತ ಶಾಸನ, ಬಾವಿ ಕಟ್ಟಿಸಿದ ಉದ್ಧರನೆಂಬ ಠಕ್ಕುರನ ಮನೆಯವರನ್ನು ಹೆಸರಿಸುತ್ತದೆ. ಹರಿದ್ವಾರದ ತೀರ್ಥಪುರೋಹಿತರಾದ ಪಂಡಾಗಳ ಉದ್ದನೆಯ ‘ಬಹಿ’ ಪುಸ್ತಕಗಳಲ್ಲಿ ತಲೆಮಾರುಗಳ ಹುಟ್ಟು, ಮದುವೆ, ಸಾವು ಇವೆ. ಅಸ್ಥಿ ಬಿಡಲು ಹೋದವರು ಮೂಲ ಊರು ಹೇಳಿದರೆ ಪುಟ ತೆರೆಯುತ್ತದೆ. ದೇಶವಿಭಜನೆಯಲ್ಲಿ ಎಲ್ಲ ಬಿಟ್ಟು ದೆಹಲಿಗೆ ಬಂದ ಪಂಜಾಬಿ ಕುಟುಂಬಗಳಿಗೆ, ಗಡಿಯಾಚೆ ಉಳಿದ ತಮ್ಮೂರು ಅಲ್ಲಿ ಸಿಗುತ್ತದೆ. ನಮ್ಮ ಉತ್ತರ ಕರ್ನಾಟಕದ ಹೆಳವರು ಮಾಡುವುದೂ ಇದೇ ಕೆಲಸ. ಮನೆ ಬಾಗಿಲಿಗೆ ಬಂದು, ಮುತ್ತಾತನ ಹಿಂದಿನವರನ್ನೂ ಹೆಸರು ಹಿಡಿದು ಹೇಳುತ್ತಾರೆ.

ಆದರೆ ಇಂಥ ವಂಶಾವಳಿಗಳು ಬಹುಮಟ್ಟಿಗೆ ಗಂಡಿನ ಸಾಲಿನಲ್ಲೇ ಇಳಿಯುತ್ತವೆ. ಮಗ, ಮೊಮ್ಮಗ, ಮರಿಮಗ. ಮಗಳು ಹೊಸ್ತಿಲು ದಾಟಿದ ಮೇಲೆ ಸಾಲು ಅವಳ ಹಿಂದೆ ಹೋಗುವುದಿಲ್ಲ. ಇತ್ತ ಗಂಡನ ಮನೆಯಲ್ಲೂ ಹರಿಯಾಣ, ದೆಹಲಿಯ ಹಳ್ಳಿಗಳ ಸೊಸೆಯನ್ನು ಎಷ್ಟೋ ಕಡೆ ತವರೂರಿನಿಂದ ಗುರುತಿಸುತ್ತಾರೆ. ಒಬ್ಬಳು ‘ನಜಫ್‌ಗಢ್‌ವಾಲಿ’, ಇನ್ನೊಬ್ಬಳು ‘ಬಹಾದುರ್‌ಗಢ್‌ವಾಲಿ’. ಯಾವ ಊರಿಗೆ ಯಾವ ಊರಿನ ನಂಟು ಎಂಬ ಇಡೀ ನಕ್ಷೆಯನ್ನು ನಡೆದು ಬರೆದವರು ಈ ಹೆಂಗಸರು. ನಕ್ಷೆಯಲ್ಲಿ ಊರು ಉಳಿಯಿತು, ಅವರ ಹೆಸರು ಉಳಿಯಲಿಲ್ಲ.

2006ರಲ್ಲಿ ಸುಪ್ರೀಂ ಕೋರ್ಟ್, ಎಲ್ಲ ಧರ್ಮದವರ ಮದುವೆಗೂ ನೋಂದಣಿ ಕಡ್ಡಾಯವಾಗಬೇಕು ಎಂದಿತು. ಬಾಲ್ಯವಿವಾಹ, ಎರಡನೆಯ ಮದುವೆ, ಜೀವನಾಂಶ ಇವುಗಳ ವಿಷಯದಲ್ಲಿ ಹೆಣ್ಣಿಗೆ ಆಸರೆಯಾಗಲಿ ಎಂಬುದು ಅದರ ಉದ್ದೇಶ. ಇನ್ನೊಂದು ಪ್ರಯೋಜನವೂ ಇದೆ: ಆ ಪುಟದಲ್ಲಿ ಅವಳು ಯಾವುದೋ ಊರಿನವಳಷ್ಟೇ ಅಲ್ಲ, ತನ್ನ ಹೆಸರನ್ನು ತಾನೇ ಬರೆಯುವವಳು.

ಸರ್ಕಾರದ ಪುಟ ಒಂದು ಮದುವೆಯನ್ನಷ್ಟೇ ಹಿಡಿಯುತ್ತದೆ. ಮನೆತನದ ನೆನಪು ನಮ್ಮ ಕೈಯಲ್ಲಿದೆ. ಮುಂದಿನ ಸಲ ಹೆಳವರು ಬಾಗಿಲಿಗೆ ಬಂದಾಗ ಮಗನ ಹೆಸರು ಬರೆಸಿ ನಿಲ್ಲಿಸಬೇಡಿ. ಅಜ್ಜಿಯ ಹೆಸರೇನು, ಆಕೆ ಯಾವ ಊರಿನಿಂದ ಬಂದಳು, ಮಗಳು ಯಾವ ಊರಿಗೆ ಹೋದಳು, ಅವಳ ಮಕ್ಕಳು ಯಾರು — ಇವನ್ನೂ ಬರೆದುಕೊಳ್ಳಲು ಹೇಳಿ. ಪುಸ್ತಕ ಅವರದಾದರೂ ಅದರೊಳಗೆ ಏನಿರಬೇಕೆಂದು ಹೇಳುವವರು ನಾವೇ.