ಯಾತ್ರೆಯ ನಡುದಾರಿಯಿಂದ ಹಿಂದಿರುಗುವುದು ದೋಷವೇ?

ಯಾತ್ರೆಯೆಂದರೆ ಕಾಲ್ನಡಿಗೆಯೆಂಬ ಭಾವನೆಯು ನಮ್ಮ ಸೋಲಾಪುರ, ಅಕ್ಕಲಕೋಟೆಗಳ ಸೀಮೆಯಲ್ಲಿ ಇಂದಿಗೂ ಅಳಿದಿಲ್ಲ. ಆಷಾಢದಲ್ಲಿ ಪಂಢರಪುರಕ್ಕೆ ನಡೆಯುವ ವಾರಕರಿಗಳನ್ನೂ, ಯುಗಾದಿಗೆ ಮುಂಚೆ ಕಂಬಿಯನ್ನು ಹೊತ್ತು ಶ್ರೀಶೈಲಕ್ಕೆ ಹೊರಡುವ ಮಲ್ಲಯ್ಯನ ಭಕ್ತರನ್ನೂ ನೋಡುತ್ತಲೇ ನಾವು ಬೆಳೆದಿದ್ದೇವೆ. ಭೀಮನ ಕೊಳ್ಳದಿಂದ ಕೈಲಾಸದ್ವಾರದವರೆಗೆ ಮೆಟ್ಟಿಲೇರಿದವನಿಗೆ ಇನ್ನು ಯಾವ ಬೆಟ್ಟದ ಅಂಜಿಕೆಯೆಂದು ಹಿರಿಯರು ಹೇಳುತ್ತಿದ್ದರು. ಕಾಲು ಗಟ್ಟಿಯಾಗಿರಬೇಕು, ಮನಸ್ಸು ಗಟ್ಟಿಯಾಗಿರಬೇಕು; ಮಿಕ್ಕದ್ದನ್ನು ದೇವರು ನೋಡಿಕೊಳ್ಳುತ್ತಾನೆ. ಈ ನಂಬಿಕೆಯನ್ನು ಹೊತ್ತುಕೊಂಡೇ ಕೆಲವು ವರ್ಷಗಳ ಹಿಂದೆ ನಮ್ಮ ಮನೆಯ ಐವರು, ಎಂದರೆ ಅರುವತ್ತೆಂಟು ವರ್ಷದ ನನ್ನ ತಾಯಿ, ಅಣ್ಣ, ಅತ್ತಿಗೆ, ಅವರ ಹತ್ತೊಂಬತ್ತು ವರ್ಷದ ಮಗ ಹಾಗೂ ನಾನು, ಕೇದಾರಕ್ಕೆ ಹೊರಟೆವು.

ಗೌರೀಕುಂಡದಿಂದ ಕೇದಾರಕ್ಕೆ ನಡೆಯುವ ದಾರಿ 2013ರ ಜೂನ್ ತಿಂಗಳ ಪ್ರಳಯದಲ್ಲಿ ಬಹುಪಾಲು ಕೊಚ್ಚಿಹೋಗಿ, ಅನಂತರ ಹೊಸದಾಗಿ ನಿರ್ಮಿತವಾದದ್ದು. ಈಗ ಅದು ಸುಮಾರು 16 ಕಿಲೋಮೀಟರು. ಶ್ರೀಶೈಲದ ಪಾದಯಾತ್ರಿಗೆ ಇದೇನು ದೂರ? ಆದರೆ ಗೌರೀಕುಂಡವಿರುವುದು ಸಮುದ್ರಮಟ್ಟದಿಂದ ಸುಮಾರು 2,000 ಮೀಟರ್ ಎತ್ತರದಲ್ಲಿ. ಕೇದಾರವಿರುವುದು ಸುಮಾರು 3,580 ಮೀಟರ್ ಎತ್ತರದಲ್ಲಿ. ಸೋಲಾಪುರದ ನಮ್ಮ ಬಯಲು 460 ಮೀಟರನ್ನೂ ಮುಟ್ಟುವುದಿಲ್ಲ. ಆ ಎತ್ತರದಲ್ಲಿ ವಾಯುವಿನ ಒತ್ತಡವು ಕಡಿಮೆಯಾಗುವುದರಿಂದ, ಸಮುದ್ರತೀರದಲ್ಲಿ ಒಂದು ಉಸಿರಿಗೆ ದೊರೆಯುವ ಆಮ್ಲಜನಕದಲ್ಲಿ ಮೂರರಲ್ಲಿ ಎರಡು ಪಾಲು ಮಾತ್ರ ಅಲ್ಲಿ ದೊರೆಯುತ್ತದೆ. ಬೆಟ್ಟದ ಬೇನೆಗೆ ಈ ಆಮ್ಲಜನಕದ ಕೊರತೆಯೇ ಕಾರಣವೆಂದು 1878ರಲ್ಲಿ ಫ್ರಾನ್ಸಿನ ಪಾಲ್ ಬರ್ಟ್ ಎಂಬ ಶಾಸ್ತ್ರಜ್ಞನು ಪ್ರಯೋಗಗಳಿಂದ ತೋರಿಸಿಕೊಟ್ಟನು. ನಿಧಾನವಾಗಿ ಏರಿದರೆ ದೇಹವು ಈ ಕೊರತೆಗೆ ಒಗ್ಗಿಕೊಳ್ಳುತ್ತದೆ. 3,000 ಮೀಟರ್ ದಾಟಿದ ಮೇಲೆ ಇಂದು ಮಲಗಿದ ಎಡೆಗಿಂತ ನಾಳೆ ಮಲಗುವ ಎಡೆಯು 500 ಮೀಟರಿಗಿಂತ ಹೆಚ್ಚು ಎತ್ತರದಲ್ಲಿರಬಾರದೆಂದು ವೈದ್ಯರ ಮಾತು. ನಾವಾದರೋ ಒಂದೇ ಹಗಲಿನಲ್ಲಿ ಸುಮಾರು 1,600 ಮೀಟರ್ ಏರಲು ಹೊರಟಿದ್ದೆವು! ದಿನಕ್ಕೆ ಸಾವಿರಾರು ಮಂದಿ ಹಾಗೆಯೇ ಏರುತ್ತಾರೆ. ಅದನ್ನು ನೋಡಿಯೇ ನಮಗೂ ಧೈರ್ಯ.

ತಾಯಿಯವರು ಪ್ರತಿಯೊಂದು ತಿರುವಿನಲ್ಲಿಯೂ ಕುಳಿತು, ನೀರು ಕುಡಿದು, ಪಂಚಾಕ್ಷರಿಯನ್ನು ಜಪಿಸುತ್ತ ನಡೆದರು. ಹುಡುಗನು ತಾಲೀಮಿನಲ್ಲಿ ಪಳಗಿದ ದೇಹದವನು. ಅವನು ಮುಂದೆ ಓಡಿಹೋಗಿ ಭೀಮಬಲಿಯಲ್ಲಿ ನಮಗಾಗಿ ಕಾದು ಕುಳಿತಿದ್ದನು. ಲಿಂಚೋಲಿಯನ್ನು ದಾಟಿದ ಮೇಲೆ ಅವನು ಹಿಂದುಳಿಯತೊಡಗಿದನು. ಕೇಳಿದರೆ, ಏನೂ ಇಲ್ಲವೆಂದನು. ಗುಡಿಗೆ ಇನ್ನೆರಡು ಮೂರು ಕಿಲೋಮೀಟರು ಉಳಿದಿರುವಾಗ ಕಲ್ಲೊಂದರ ಮರೆಯಲ್ಲಿ ವಾಂತಿ ಮಾಡಿಕೊಳ್ಳುತ್ತಿದ್ದುದನ್ನು ನಾನೇ ಕಂಡೆನು. ಮಧ್ಯಾಹ್ನದಿಂದಲೂ ತಲೆ ಸಿಡಿಯುತ್ತಿತ್ತಂತೆ. "ಆಯಿ ನಡೆಯುತ್ತಿದ್ದಾಳೆ, ನಾನು ಹೇಗೆ ಹೇಳಲಿ, ಕಾಕಾ?" ಎಂದನು. ಎದ್ದು ನಿಂತಾಗ ಅವನ ಹೆಜ್ಜೆ ಕುಡಿದವನ ಹೆಜ್ಜೆಯಂತೆ ಓಲಾಡುತ್ತಿತ್ತು.

ಅಷ್ಟರಲ್ಲಿ ಪಕ್ಕದಲ್ಲಿ ಹೋಗುತ್ತಿದ್ದ ಯಾತ್ರಿಕರೊಬ್ಬರು ಕನಿಕರದಿಂದಲೇ ಒಂದು ಮಾತು ಆಡಿದರು: "ಪಾಪ, ಸ್ವಾಮಿ ಇವನನ್ನು ಇನ್ನೂ ಕರೆದಿಲ್ಲ." ಈ ಮಾತನ್ನು ನಾವೆಲ್ಲರೂ ಒಂದಲ್ಲ ಒಂದು ಸಲ ಆಡಿದವರೇ ಅಲ್ಲವೆ? ಯಾತ್ರೆಯಲ್ಲಿ ಬಿದ್ದವನಲ್ಲಿ ಏನೋ ಪುಣ್ಯದ ಕೊರತೆಯಿದೆ ಎಂಬ ಎಣಿಕೆಯು ನಮ್ಮಲ್ಲಿ ಹಳೆಯದು. ಮಹಾಪ್ರಸ್ಥಾನದ ಕಥೆಯು ಇದಕ್ಕೆ ಆಧಾರವೆಂಬಂತೆ ನೆನಪಿಗೆ ಬರುತ್ತದೆ. ಹಿಮವಂತವನ್ನು ದಾಟಿ ನಡೆಯುವಾಗ ಮೊದಲು ದ್ರೌಪದಿ, ಆಮೇಲೆ ಸಹದೇವ, ನಕುಲ, ಅರ್ಜುನ, ಕೊನೆಗೆ ಭೀಮ ಹೀಗೆ ಒಬ್ಬೊಬ್ಬರಾಗಿ ಬೀಳುತ್ತಾರೆ. ಏಕೆ ಬಿದ್ದರೆಂದು ಭೀಮನು ಕೇಳಿದಾಗಲೆಲ್ಲ ಧರ್ಮರಾಜನು ಒಂದೊಂದು ದೋಷವನ್ನು ಹೇಳುತ್ತಾನೆ. ಹಿಂದಿರುಗಿ ನೋಡದೆ ಮುಂದೆ ನಡೆಯುತ್ತಾನೆ. ಆದರೆ ಅದು ದೇಹವನ್ನು ಬಿಡಲೆಂದೇ ಹೊರಟವರ ನಡಿಗೆಯೆಂಬುದನ್ನು ನಾವು ಮರೆಯುತ್ತೇವೆ. ಊರಿಗೆ ಮರಳಿ ಬಂದು ಬಿತ್ತನೆ ಮಾಡಬೇಕಾದ ನಮಗೆ ಆ ನಡಿಗೆಯು ಮೇಲ್ಪಂಕ್ತಿಯಾಗಲಾರದು. ಅಲ್ಲದೆ ಕಥೆ ಅಲ್ಲಿಗೆ ಮುಗಿಯುವುದೂ ಇಲ್ಲ. ಹಿಂದೆ ಬಂದ ನಾಯಿಯನ್ನು ಬಿಟ್ಟು ಇಂದ್ರನ ರಥವನ್ನೇರಲು ಧರ್ಮರಾಜನು ಒಪ್ಪುವುದಿಲ್ಲ. ತನ್ನವರು ನರಕದಲ್ಲಿದ್ದಾರೆಂದು ಕಂಡಾಗ ಸ್ವರ್ಗವನ್ನು ಬಿಟ್ಟು ಅಲ್ಲಿಯೇ ನಿಲ್ಲುವೆನೆನ್ನುತ್ತಾನೆ. ದೋಷಗಳನ್ನು ಎಣಿಸಿದವನೂ ಕೊನೆಯಲ್ಲಿ ಬಿದ್ದವರ ಬಳಿಗೇ ಬಂದು ನಿಂತನು.

ಬೆಟ್ಟದ ಬೇನೆಗೆ ಭಕ್ತಿಯ ಅಳತೆಯೂ ತಿಳಿಯದು, ತೋಳಿನ ಬಲವೂ ತಿಳಿಯದು. ಬಲವಿದ್ದವನು ವೇಗವಾಗಿ ಏರುವುದರಿಂದ ಎಷ್ಟೋ ಸಲ ಅವನೇ ಮೊದಲು ಸಿಕ್ಕಿಬೀಳುತ್ತಾನೆ. ತಲೆನೋವು, ಓಕರಿಕೆ, ಊಟ ಬೇಡವಾಗುವುದು, ನಿದ್ರೆ ಬಾರದಿರುವುದು ಇಷ್ಟೇ ಆಗಿದ್ದರೆ ಇದ್ದಲ್ಲಿಯೇ ತಂಗಿ ವಿಶ್ರಮಿಸಬೇಕು, ಕಡಿಮೆಯಾಗುವವರೆಗೆ ಮುಂದೇರಬಾರದು. ಕುಳಿತಾಗಲೂ ಉಬ್ಬಸ ಬರುವುದು, ಬಿಡದ ಕೆಮ್ಮು, ಹೆಜ್ಜೆ ತಪ್ಪುವುದು, ಮಾತು ತೊದಲುವುದು ಇವುಗಳಲ್ಲಿ ಒಂದು ಕಂಡರೂ ಬೆಳಗಾಗುವುದನ್ನು ಕಾಯದೆ ಕೆಳಗಿಳಿಸಬೇಕು. ಆಮ್ಲಜನಕವೂ ಮಾತ್ರೆಯೂ ನೆರವಾಗುತ್ತವೆ, ಆದರೆ ಇಳಿಯುವುದೇ ಮುಖ್ಯ ಚಿಕಿತ್ಸೆ. ದಾರಿಯಲ್ಲಿದ್ದ ಚಿಕಿತ್ಸಾ ಕೇಂದ್ರದ ವೈದ್ಯರು ಹುಡುಗನಿಗೆ ಆಮ್ಲಜನಕವನ್ನು ಕೊಟ್ಟು ಹೇಳಿದ್ದೂ ಇದನ್ನೇ. ಇವನು ತಲೆನೋವನ್ನು ಮಧ್ಯಾಹ್ನವೇ ಹೇಳಿದ್ದರೆ ಲಿಂಚೋಲಿಗಿಂತ ಕೆಳಗೇ ತಂಗಬಹುದಾಗಿತ್ತು. ಅವನ ಬಾಯಿಯನ್ನು ಕಟ್ಟಿದ್ದು ನಾಚಿಕೆ. ಆ ನಾಚಿಕೆಯನ್ನು ಅವನಿಗೆ ಕಲಿಸಿದವರು ಹಿರಿಯರಾದ ನಾವೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆಗ ನಮ್ಮಲ್ಲಿ ಚರ್ಚೆ ಹುಟ್ಟಿತು. ಹುಡುಗನೊಡನೆ ನಾನು ಇಳಿಯಬೇಕು, ತಾಯಿಯವರನ್ನು ತಾನು ಗುಡಿಗೆ ಕರೆದೊಯ್ಯುವೆನೆಂದು ಅಣ್ಣ ಹೇಳಿದನು. ಅವನ ಮಾತು ನ್ಯಾಯವಲ್ಲದ್ದೇನೂ ಅಲ್ಲ. ಈ ವಯಸ್ಸಿನಲ್ಲಿ ಅವರನ್ನು ಮತ್ತೊಮ್ಮೆ ಕರೆತರುವುದು ಸಾಧ್ಯವೆ? ಅತ್ತಿಗೆ ಮಗನ ಕೈ ಹಿಡಿದು ಅಳುತ್ತಿದ್ದಳು. ತಾಯಿಯವರು ಯಾರ ಮಾತಿಗೂ ಕಾಯದೆ ಕೋಲನ್ನು ತಿರುಗಿಸಿ ಇಳಿಯುವ ಕಡೆಗೆ ಊರಿದರು. "ಕೇದಾರಸ್ವಾಮಿ ತಾನೇ ಹಿಮ ಬೀಳುವ ಮುಂಚೆ ಊಖೀಮಠಕ್ಕೆ ಇಳಿದು ಬರುತ್ತಾನೆಂದು ಮೊನ್ನೆ ಅಲ್ಲಿ ಹೇಳಲಿಲ್ಲವೇನು? ಅವನಿಗಿಲ್ಲದ ದೋಷ ನನಗೆಲ್ಲಿಂದ ಬಂತು? ನೀವಿಬ್ಬರೂ ಹೋಗಿಬರ್ರಿ; ಇವನು ನನ್ನೊಡನೆ ಇರಲಿ" ಎಂದರು. ಮಾತು ನಿಜವೇ. ಚಳಿಗಾಲದ ಆರು ತಿಂಗಳು ಗುಡಿಯ ಬಾಗಿಲು ಮುಚ್ಚಿರುತ್ತದೆ. ಉತ್ಸವಮೂರ್ತಿಯು ಊಖೀಮಠದ ಓಂಕಾರೇಶ್ವರನ ಗುಡಿಗೆ ಬಿಜಯಮಾಡಿ ಅಲ್ಲಿಯೇ ಪೂಜೆಗೊಳ್ಳುತ್ತದೆ.

ಅತ್ತಿಗೆ ಮಗನನ್ನು ಬಿಡಲೊಲ್ಲೆನೆಂದಳು. ಅಣ್ಣನೊಬ್ಬನೇ ಐವರ ಹೆಸರಿನ ಸಂಕಲ್ಪವನ್ನು ಹೊತ್ತು ಮೇಲೆ ಹೋದನು. ಅವನು ಹೋದುದನ್ನು ತಪ್ಪೆಂದು ನಾನು ಎಣಿಸುವುದಿಲ್ಲ. ಇಳಿಯುವವನ ಜೊತೆಗೆ ತಿಳಿದವರು ಇದ್ದರೆ ಸಾಕು, ಎಲ್ಲರೂ ಇಳಿಯಲೇಬೇಕೆಂಬ ಕಟ್ಟಳೆಯಿಲ್ಲ. ಆದರೂ ಗುಡಿಯ ಶಿಖರವು ಕಣ್ಣಿಗೆ ಬಿದ್ದಾಗ ಕಾಲು ಮುಂದಕ್ಕೆ ಹೋಗಲೊಲ್ಲದಾಗಿತ್ತೆಂದು ಅವನು ಆಮೇಲೆ ಹೇಳಿದನು.

ಹುಡುಗನನ್ನು ಡೋಲಿಯಲ್ಲಿ ಕೂರಿಸಿ ದೀಪ ಹಿಡಿದು ಇಳಿದೆವು. ಭೀಮಬಲಿಗೆ ಬರುವಷ್ಟರಲ್ಲಿ ಅವನ ತಲೆನೋವು ಇಳಿದಿತ್ತು. ಗೌರೀಕುಂಡದಲ್ಲಿ ಬೆಳಗ್ಗೆ ಎರಡು ರೊಟ್ಟಿ ಕೇಳಿ ತಿಂದನು. ಅಲ್ಲಿಂದ ಊಖೀಮಠಕ್ಕೆ ಹೋಗಿ ಅಣ್ಣನಿಗಾಗಿ ಎರಡು ದಿನ ಕಾದೆವು. ತಾಯಿಯವರು ಓಂಕಾರೇಶ್ವರನ ಜಗಲಿಯಲ್ಲಿ ಕುಳಿತು, ಕೇದಾರಕ್ಕೆಂದು ಮನೆಯಿಂದ ಗಂಟು ಕಟ್ಟಿ ತಂದಿದ್ದ ಬಿಲ್ವಪತ್ರೆಯಲ್ಲಿ ಬಾಡಿದ್ದನ್ನೂ ಬಾಡದ್ದನ್ನೂ ಬೇರ್ಪಡಿಸುತ್ತಿದ್ದರು. ಮೊಮ್ಮಗನು ಪಕ್ಕದಲ್ಲಿ ಕುಳಿತು ಎಣಿಸಿ ಕೊಡುತ್ತಿದ್ದನು.